ಅಗೆದ ಮಣ್ಣಿನ ಪ್ರತಿಪತ್ತಿ

ನಾನು ಬಾಲಕನಾಗಿ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಅಲ್ಲಿ ಊಟಕ್ಕೆ ಸಂಬಂಧಪಟ್ಟ ಒಂದು ಕಟ್ಟುಪಾಡು ಇದ್ದಿತು. ಉಂಡ ವಿದ್ಯಾರ್ಥಿಯು ತನ್ನ ಎಲೆಯನ್ನು ತಾನೇ ಎತ್ತಬೇಕು. ಎತ್ತಿದ ಎಲೆಯನ್ನು ಗೊತ್ತಾದ ಗುಂಡಿಯಲ್ಲಿಯೇ ಹಾಕಬೇಕು. ಹಿಂದಿರುಗಿ ಬಂದು, ತಾನು ಕುಳಿತಿದ್ದ ನೆಲಕ್ಕೆ ಗೋಮಯ ಹಚ್ಚಿ ಶುದ್ಧಿಮಾಡಬೇಕು. ಒಂದು ದಿನ ಒಬ್ಬ ಹುಡುಗನು ಹಸಿವು ತೀರಿದ ಉತ್ಸಾಹದಲ್ಲಿ ಕೈ ತೊಳೆದುಕೊಂಡು ಹೊರಟೇಬಿಟ್ಟನು. ಗುರುಗಳು ಅವನನ್ನು ಗದರಿಸಲಿಲ್ಲ. ಹತ್ತಿರ ಕರೆದು, "ನಿನ್ನ ಊಟ ಇನ್ನೂ ಮುಗಿದಿಲ್ಲವಲ್ಲ, ಎಲ್ಲಿಗೆ ಹೊರಟೆ?" ಎಂದು ಮಾತ್ರ ಕೇಳಿದರು. ಹಾಗೆ ಹೊರಟವನು ನಾನೇ ಎಂಬುದನ್ನು ಈ ವಯಸ್ಸಿನಲ್ಲಿ ಮರೆಮಾಚಬೇಕಾದ ಕಾರಣವಿಲ್ಲ. ಊಟವು ಹೊಟ್ಟೆ ತುಂಬಿದಾಗ ಮುಗಿಯುವುದಲ್ಲ, ನೆಲ ಶುದ್ಧವಾದಾಗ ಮುಗಿಯುವುದು ಎಂಬ ಪಾಠವು ಅಂದು ನನಗಾಯಿತು.

ಈ ಸಣ್ಣ ಸಂಗತಿಯನ್ನು ವಾಚಕಮಹಾಶಯರ ಮುಂದೆ ಇಡುವುದಕ್ಕೆ ಕಾರಣವುಂಟು. ಕಳೆದ ಆಷಾಢದಲ್ಲಿ, ಕಾಯಿಲೆ ಬಿದ್ದಿದ್ದ ನನ್ನ ಹಳೆಯ ಶಿಷ್ಯನೊಬ್ಬನನ್ನು ನೋಡಿಕೊಂಡು ಬರುವುದಕ್ಕಾಗಿ ನಮ್ಮ ಜಿಲ್ಲೆಯ ಚಿನ್ನದ ಗಣಿಯ ಊರಿಗೆ ಹೋಗಿದ್ದೆನು. ಅಲ್ಲಿಯ ದಿಬ್ಬಗಳನ್ನು ಕಾಣದವರು ನಮ್ಮ ಜಿಲ್ಲೆಯಲ್ಲಿ ವಿರಳ. ದೂರದಿಂದ ನೋಡಿದವರಿಗೆ ಅವು ಬೋಳಾದ ಗುಡ್ಡಗಳಂತೆ ಕಾಣುತ್ತವೆ. ಆದರೆ ಅವು ಭಗವಂತನು ಸೃಷ್ಟಿಸಿದ ಗುಡ್ಡಗಳಲ್ಲ, ಮನುಷ್ಯನು ಸುರಿದ ಗುಡ್ಡಗಳು. 1880ರಿಂದ 2001ರವರೆಗೆ, ನೂರಿಪ್ಪತ್ತು ವರ್ಷಗಳ ಕಾಲ, ಭೂಮಿಯ ಒಡಲಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಕಲ್ಲನ್ನು ಒಡೆದು ಮೇಲಕ್ಕೆ ತಂದರು. ಆ ಕಲ್ಲನ್ನು ಹಿಟ್ಟಿನಂತೆ ಅರೆದರು. ಸಯನೈಡ್ ಬೆರೆಸಿದ ನೀರಿನಲ್ಲಿ ಅದರ ಚಿನ್ನವನ್ನು ಕರಗಿಸಿ ತೆಗೆದುಕೊಂಡರು. 800 ಟನ್ನಿಗೂ ಮಿಕ್ಕ ಚಿನ್ನವು ಹೊರಬಿದ್ದು ಲೋಕದ ನಾನಾ ಭಾಗಗಳಿಗೆ ಹೋಯಿತು. ಹಿಟ್ಟು ಇಲ್ಲಿಯೇ ಉಳಿಯಿತು. ಈಗ 13 ದಿಬ್ಬಗಳಲ್ಲಿ 3 ಕೋಟಿ ಟನ್ನಿಗೂ ಹೆಚ್ಚಾಗಿ ಅದು ನಿಂತಿದೆ. ಮಳೆ ಬಂದಾಗ ಅದರ ಮೈಮೇಲೆ ಸೀಳುಕೊರಕಲುಗಳು ಬೀಳುತ್ತವೆ. ಗಾಳಿ ಬೀಸುವ ತಿಂಗಳುಗಳಲ್ಲಿ ಪುಡಿಯು ಎದ್ದು ಮನೆಗಳ ಮೇಲೆ ಇಳಿಯುತ್ತದೆ. ಉಂಡವರು ಎದ್ದುಹೋದರು, ಎಲೆ ಮಾತ್ರ ಬಿದ್ದಿದೆ. ಉಂಡೂ ಹೋದ, ಕೊಂಡೂ ಹೋದ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಈ ಎಲೆಯನ್ನು ಎತ್ತತಕ್ಕವರು ಯಾರು? ಎತ್ತಬೇಕೆಂಬುದು ಯಾವ ಬಗೆಯ ಧರ್ಮ? ದಾನವೋ, ದಂಡವೋ, ಋಣವೋ? ಇದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಈ ಮಣ್ಣಿನ ಸ್ವಭಾವವನ್ನು ತಿಳಿಯಬೇಕು; ಅದೇಕೆಂದರೆ, ವಸ್ತುವಿನ ಸ್ವಭಾವವನ್ನು ತಿಳಿಯದೆ ಅದರ ವಿಷಯವಾದ ಕರ್ತವ್ಯವನ್ನು ನಿರ್ಣಯಿಸುವುದು ಅಸಾಧ್ಯ. ಹೊಲದ ಮಣ್ಣು ಬರಿಯ ಧೂಳಿಯಲ್ಲ. ಬೇರು, ಎಲೆಗೊಬ್ಬರ, ಎರೆಹುಳು, ಕಣ್ಣಿಗೆ ಕಾಣದ ಅಸಂಖ್ಯ ಜೀವಾಣುಗಳು, ಇವೆಲ್ಲ ಸೇರಿ ಕಣವನ್ನು ಕಣಕ್ಕೆ ಅಂಟಿಸಿ ಸಣ್ಣ ಸಣ್ಣ ಹೆಂಟೆಗಳನ್ನು ಕಟ್ಟಿರುತ್ತವೆ. ಮಳೆಯ ನೀರು ಅವುಗಳ ಸಂದಿಯಲ್ಲಿ ಇಳಿದು ನಿಲ್ಲುತ್ತದೆ. ಇಂಥ ಮೇಲ್ಮಣ್ಣು ಒಂದು ಅಂಗುಲ ಕೂಡಬೇಕಾದರೆ ನೂರಾರು ವರ್ಷಗಳು ಬೇಕು. ಗಣಿ ತೋಡುವವರು ಮೊದಲ ದಿನವೇ ಈ ಪದರವನ್ನು ಕೆತ್ತುತ್ತಾರೆ. ಅನಂತರ ಒಳಗಿನ ಬಂಜರು ಮಣ್ಣನ್ನೂ ಕಲ್ಲನ್ನೂ ತೆಗೆದು ಅದರ ಮೇಲೆಯೇ ಸುರಿಯುತ್ತಾರೆ. ಮೇಲಿದ್ದದ್ದು ಕೆಳಗೂ ಕೆಳಗಿದ್ದದ್ದು ಮೇಲೂ ಆಗಿ ಭೂಮಿಯ ಕ್ರಮವೇ ತಲೆಕೆಳಗಾಗುತ್ತದೆ. ಸುರಿದ ರಾಶಿಯು ತನಗೆ ತಾನೇ ನಿಲ್ಲಬಲ್ಲ ಅತ್ಯಂತ ಕಡಿದಾದ ಇಳಿಜಾರಿನಲ್ಲಿ ನಿಲ್ಲುತ್ತದೆ. ಅದಕ್ಕೆ ಅಂಟಿಲ್ಲ, ಬೇರಿಲ್ಲ, ಸಾರವಿಲ್ಲ. ಬಿದ್ದ ಮಳೆಯು ಒಳಗಿಳಿಯದೆ ಮೇಲೆಯೇ ಹರಿದು, ಗೆರೆ ಕೊರೆದು, ಗೆರೆಯನ್ನು ಕೊರಕಲು ಮಾಡಿ, ಕೊರಕಲನ್ನು ಕಂದರ ಮಾಡಿ, ಮಣ್ಣನ್ನು ಕೆರೆಗೂ ಹೊಲಕ್ಕೂ ಇಳಿಸುತ್ತದೆ. ಅರೆದ ಹಿಟ್ಟಾದರೋ ಒಣಗಿದಾಗ ಗಾಳಿಯ ಸೊತ್ತು. ಕಲ್ಲಿನಲ್ಲಿ ಗಂಧಕದ ಅಂಶವಿದ್ದರೆ ಗಾಳಿ ನೀರುಗಳ ಸಂಪರ್ಕದಿಂದ ಆಮ್ಲವು ಹುಟ್ಟಿ, ಹರಿಯುವ ನೀರನ್ನೂ ಕೆಡಿಸುತ್ತದೆ.

ಅಮೆರಿಕೆಯ ವಿಶ್ಮಿಯರ್ ಮತ್ತು ಸ್ಮಿತ್ ಎಂಬ ಇಬ್ಬರು ವಿದ್ವಾಂಸರು 1965ರಲ್ಲಿ ಪ್ರಕಟಿಸಿದ ಒಂದು ಸೂತ್ರವುಂಟು. ಮಳೆಯ ಹೊಡೆತ, ಮಣ್ಣಿನ ಸ್ವಭಾವ, ಇಳಿಜಾರಿನ ಉದ್ದ, ಅದರ ಕಡಿದು, ಮೇಲಿನ ಹಸುರು ಹೊದಿಕೆ, ಮನುಷ್ಯನು ಕೈಗೊಂಡ ರಕ್ಷಣೆ, ಈ ಆರನ್ನು ಒಂದರಿಂದೊಂದು ಗುಣಿಸಿದರೆ ಕೊಚ್ಚಿಹೋಗುವ ಮಣ್ಣಿನ ಪ್ರಮಾಣವು ಸಿಕ್ಕುತ್ತದೆಂದು ಅವರು ತೋರಿಸಿದರು. ಹೊಲಗಳ ಸಲುವಾಗಿ ಹುಟ್ಟಿದ ಈ ಲೆಕ್ಕದಲ್ಲಿ ನನ್ನ ಮನಸ್ಸನ್ನು ಸೆಳೆದದ್ದು, ಅದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ ಎಂಬುದು. ಕೂಡುವ ಲೆಕ್ಕದಲ್ಲಿ ಒಂದು ಅಂಶವನ್ನು ತಗ್ಗಿಸಿದರೆ ಉಳಿದ ಐದೂ ಹಾಗೆಯೇ ನಿಲ್ಲುತ್ತವೆ. ಗುಣಾಕಾರದಲ್ಲಿ ಒಂದನ್ನು ಸೊನ್ನೆಯ ಹತ್ತಿರಕ್ಕೆ ತಂದರೆ ಮೊತ್ತವೆಲ್ಲ ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ಮಳೆಯು ನಮ್ಮ ಕೈಯಲ್ಲಿಲ್ಲ. ಹೊದಿಕೆಯು ನಮ್ಮ ಕೈಯಲ್ಲಿದೆ. ಆದುದರಿಂದ ದೈವದ ಮೇಲೆ ಹೊರೆಯನ್ನು ಹೊರಿಸಿ ಸುಮ್ಮನಿರುವುದಕ್ಕೆ ಈ ಶಾಸ್ತ್ರವು ಅವಕಾಶವನ್ನು ಕೊಡುವುದಿಲ್ಲ.

ಇನ್ನು ಧರ್ಮದ ವಿಚಾರ. ಮೀಮಾಂಸಕರು ಕರ್ಮಗಳನ್ನು ವಿಂಗಡಿಸುವಾಗ ಅರ್ಥಕರ್ಮವೆಂತಲೂ ಪ್ರತಿಪತ್ತಿಕರ್ಮವೆಂತಲೂ ಒಂದು ಭೇದವನ್ನು ಹೇಳುತ್ತಾರೆ. ಒಂದು ಪ್ರಯೋಜನಕ್ಕಾಗಿ ದ್ರವ್ಯವನ್ನು ವಿನಿಯೋಗಿಸುವುದು ಅರ್ಥಕರ್ಮ. ವಿನಿಯೋಗವು ಮುಗಿದು ಉಳಿದ ದ್ರವ್ಯವನ್ನು ಅದಕ್ಕೆ ವಿಹಿತವಾದ ಸ್ಥಾನದಲ್ಲಿ ಸೇರಿಸುವುದು ಪ್ರತಿಪತ್ತಿಕರ್ಮ. ಸೋಮಯಾಗದಲ್ಲಿ ದೀಕ್ಷಿತನಾದ ಯಜಮಾನನು ಮೈ ತುರಿಸಿಕೊಳ್ಳುವುದಕ್ಕೆ ಕೃಷ್ಣಮೃಗದ ಕೊಂಬೊಂದನ್ನು ಇಟ್ಟುಕೊಂಡಿರುತ್ತಾನೆ. ದಕ್ಷಿಣೆಯ ಕಾರ್ಯವು ಆದಮೇಲೆ ಆ ಕೊಂಬಿನಿಂದ ಆಗಬೇಕಾದ ಕೆಲಸವಿಲ್ಲ. ಆದರೂ ಅದನ್ನು ಕಂಡಕಂಡಲ್ಲಿ ಎಸೆಯಕೂಡದು. ಚಾತ್ವಾಲವೆಂಬ ಗುಂಡಿಯಲ್ಲಿಯೇ ಹಾಕಬೇಕೆಂದು ವಿಧಿ. ಈ ಚಾತ್ವಾಲವು ಯಾವುದು? ಉತ್ತರವೇದಿಯನ್ನು ಕಟ್ಟುವುದಕ್ಕಾಗಿ ಮಣ್ಣನ್ನು ಅಗೆದು ತೆಗೆದ ಗುಂಡಿಯೇ ಅದು! ಒಂದು ಕೊಂಬಿನ ಚೂರಿಗೂ, ಒಂದು ಮಣ್ಣಿನ ಗುಂಡಿಗೂ ನಮ್ಮ ಹಿರಿಯರು ನೆಲೆಯನ್ನು ಯೋಚಿಸಿದ್ದರು. ಕೆಲಸ ಮುಗಿದ ವಸ್ತುವಿನ ವಿಷಯದಲ್ಲಿಯೂ ಕರ್ತನಿಗೆ ಒಂದು ಕಟ್ಟಳೆಯುಂಟು ಎಂಬುದೇ ಇದರ ಸಾರ.

ಈ ಭೇದದಿಂದ ನಮ್ಮ ಪ್ರಶ್ನೆಗೆ ಮೂರು ಬಗೆಯ ಬೆಳಕು ಬೀಳುತ್ತದೆ. ಪ್ರತಿಪತ್ತಿಯು ಪ್ರಾಯಶ್ಚಿತ್ತವಲ್ಲ ಎಂಬುದು ಮೊದಲನೆಯದು. ಪ್ರಾಯಶ್ಚಿತ್ತವು ತಪ್ಪು ಮಾಡಿದವನಿಗೆ. ಪ್ರತಿಪತ್ತಿಯಾದರೋ ಯಾವ ತಪ್ಪೂ ಇಲ್ಲದೆ ಕರ್ಮವನ್ನು ನಡೆಸಿದವನಿಗೂ ಉಂಟು. ಗಣಿ ತೋಡುವುದೇ ಪಾಪವೆಂದು ಕೂಗುವವರ ಮಾತು ನನಗೆ ರುಚಿಸುವುದಿಲ್ಲ. ನೇಗಿಲಿನ ಗುಳವೂ, ಶಾಲೆಯ ಗಂಟೆಯೂ, ನಾನು ಬರೆಯುತ್ತಿರುವ ಲೇಖನಿಯ ಮುಳ್ಳೂ ಗಣಿಯಿಂದಲೇ ಬಂದವು. ಆದರೆ ಪಾಪವಲ್ಲವೆಂದ ಮಾತ್ರಕ್ಕೆ ಎಲೆ ಎತ್ತಬೇಕಾದುದಿಲ್ಲವೆಂದು ಆಗುವುದಿಲ್ಲ, ಊಟವೂ ಪಾಪವಲ್ಲವಷ್ಟೆ. ಎರಡನೆಯದು, ಪ್ರತಿಪತ್ತಿಯ ನೆಲೆಯು ಕರ್ಮಕ್ಕೆ ಮುಂಚೆಯೇ ಗೊತ್ತಾಗಿರುತ್ತದೆ. ಯಾಗವೆಲ್ಲ ಮುಗಿದ ಬಳಿಕ ಈ ಕೊಂಬನ್ನು ಏನು ಮಾಡೋಣವೆಂದು ಸಭೆ ಸೇರಿಸುವುದಿಲ್ಲ. ಮೂರನೆಯದು ಕಹಿಯಾದ ಮಾತು: ಪ್ರತಿಪತ್ತಿಗೆ ಬೇರೆ ಫಲವನ್ನು ಹೇಳಿಲ್ಲ. ಫಲವು ಅರ್ಥಕರ್ಮದಲ್ಲಿಯೇ ಸಂದುಹೋಗಿದೆ. ಆದುದರಿಂದಲೇ ಮನುಷ್ಯನು ಇಲ್ಲಿ ಸೋಮಾರಿಯಾಗುತ್ತಾನೆ. ಆದುದರಿಂದಲೇ ಅವನ ಯೋಗ್ಯತೆಯು ಗೊತ್ತಾಗತಕ್ಕ ಸ್ಥಳವೂ ಇದೇ.

ಗಣಿಯ ಮಣ್ಣಿಗೆ ಪ್ರತಿಪತ್ತಿ ಎಂದರೆ ಏನೆಂಬುದನ್ನು ಬಲ್ಲವರು ಸ್ಪಷ್ಟವಾಗಿಯೇ ತಿಳಿಸಿರುತ್ತಾರೆ. ಮೊದಲ ದಿನ ಕೆತ್ತಿದ ಮೇಲ್ಮಣ್ಣನ್ನು ಬೇರೆಯಾಗಿ, ಎತ್ತರವಲ್ಲದ ರಾಶಿಯಾಗಿ ಇಟ್ಟು, ಬಹಳ ಕಾಲ ಕೊಳೆಹಾಕದೆ ಮತ್ತೆ ಹರಡಬೇಕು. ಎತ್ತರವಾಗಿ ಒಟ್ಟಿ ವರ್ಷಗಟ್ಟಲೆ ಬಿಟ್ಟರೆ ಅದರೊಳಗಿನ ಬೀಜವೂ ಜೀವಾಣುವೂ ಸಾಯುತ್ತವೆ. ಕಡಿದಾದ ಇಳಿಜಾರನ್ನು ತಗ್ಗಿಸಿ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಪ್ರತಿಯೊಂದು ಮೆಟ್ಟಿಲನ್ನೂ ಒಳಮುಖವಾಗಿ ಓರೆಮಾಡಿ, ನೀರು ಓಡದೆ ನಡೆಯುವಂತೆ ಕಾಲುವೆಗಳನ್ನು ತೆಗೆಯಬೇಕು. ದಿಬ್ಬದ ಪಾದದ ಸುತ್ತ ಮಾಲೆಯಂತೆ ಕಾಲುವೆ, ಕಲ್ಲಿನ ತಡೆಗೋಡೆ, ಹೂಳು ತಂಗುವ ಗುಂಡಿ ಇರಬೇಕು. ಆಮೇಲೆ ಹುಲ್ಲು, ಹುಲ್ಲಿನ ಹಿಂದೆ ಗಾಳಿಯ ಸಾರಜನಕವನ್ನು ನೆಲಕ್ಕೆ ಕೂಡಿಸುವ ಹೊಂಗೆಯಂಥ ಗಿಡಗಳು, ಕೊನೆಗೆ ಆ ಪ್ರದೇಶದ್ದೇ ಆದ ಮರಗಳು. ನಾರಿನ ಚಾಪೆಯನ್ನು ಹಾಸಿ ಅದರ ಸಂದಿಯಲ್ಲಿ ಹುಲ್ಲನ್ನು ನಾಟಿದರೆ, ಚಾಪೆಯು ಕೊಳೆಯುವುದರೊಳಗಾಗಿ ಬೇರು ಹಿಡಿದಿರುತ್ತದೆ. ನಮ್ಮ ಲಾವಂಚವನ್ನು ಈಗ ದೇಶದೇಶಗಳಲ್ಲಿ ಇದಕ್ಕಾಗಿ ನೆಡುತ್ತಾರೆ. ಅದರ ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಎರಡು ಮೂರು ಮೀಟರು ಕೆಳಗಿಳಿದು ಮಣ್ಣನ್ನು ಮೊಳೆ ಹೊಡೆದಂತೆ ನಿಲ್ಲಿಸುತ್ತದೆ. ಇಷ್ಟೆಲ್ಲ ಆದಮೇಲೆ ಕೆಲಸವು ಮುಗಿಯುವುದಿಲ್ಲ, ಮೊದಲಾಗುತ್ತದೆ. ಮಳೆಗಾಲ ಮಳೆಗಾಲಕ್ಕೂ ಹೋಗಿ, ಬಿದ್ದ ಕೊರಕಲನ್ನು ಮುಚ್ಚಿ, ಸತ್ತ ಗಿಡದ ಸ್ಥಳದಲ್ಲಿ ಬೇರೊಂದನ್ನು ನೆಟ್ಟು, ಎಷ್ಟೋ ವರ್ಷ ಕಾಯಬೇಕು. ಒಂದು ದಿನದ ಸಮಾರಂಭದಲ್ಲಿ ಸಾವಿರ ಸಸಿ ನೆಟ್ಟು ಪಟ ತೆಗೆಸಿಕೊಂಡು ಹೋಗುವುದು ಪ್ರತಿಪತ್ತಿಯಲ್ಲ. ಅದು ಎಂಜಲಿನ ಮೇಲೆ ಹೂವು ಚೆಲ್ಲಿದಂತೆ.

ಇಲ್ಲಿ ಪೂರ್ವಪಕ್ಷವು ಏಳುತ್ತದೆ. "ಸ್ವಾಮಿ, ದಿಬ್ಬವು ದಿಬ್ಬವಾಗಿ ಬಿದ್ದಿದ್ದರೆ ಯಾರಿಗೆ ಏನು ಕೇಡು? ಕಾಲಕ್ರಮದಲ್ಲಿ ಹುಲ್ಲು ತಾನೇ ಬೆಳೆಯುತ್ತದೆ. ಮನುಷ್ಯರಿಗೇ ಹಣವಿಲ್ಲದಿರುವಾಗ ಮಣ್ಣಿಗೆಲ್ಲಿಂದ ತರುವುದು?" ಈ ಮಾತಿಗೆ ನಾನು ತರ್ಕದಿಂದ ಉತ್ತರ ಕೊಡಲಾರೆನು. ಸಮುದ್ರದಾಚೆಯ ಒಂದು ಹಳ್ಳಿಯ ವೃತ್ತಾಂತವನ್ನು ಹೇಳುತ್ತೇನೆ. ಉಪಾಧ್ಯಾಯವೃತ್ತಿಯಲ್ಲಿ ಆಯುಸ್ಸನ್ನು ಕಳೆದ ನನಗೆ ಅದನ್ನು ಮರೆಯುವುದು ಆಗಿಲ್ಲ.

ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಅಬರ್ಫಾನ್ ಎಂಬುದೊಂದು ಕಲ್ಲಿದ್ದಲ ಗಣಿಯ ಹಳ್ಳಿ. ಗಣಿಯಿಂದ ತೆಗೆದ ಕಸಮಣ್ಣನ್ನು ಹಳ್ಳಿಯ ಮೇಲಣ ಬೆಟ್ಟದ ಓರೆಯಲ್ಲಿ ಸುರಿಯುತ್ತಿದ್ದರು. ಏಳನೆಯ ದಿಬ್ಬವನ್ನು 1958ರಲ್ಲಿ ಮೊದಲುಮಾಡಿದರು. ಅದರ ಅಡಿಯಲ್ಲಿ ನೀರಿನ ಒರತೆಯಿತ್ತು. ಶಾಲೆಯ ಹಿಂದೆ ಹೀಗೆ ಸುರಿಯುವುದು ಅಪಾಯವೆಂದು 1963ರಲ್ಲಿಯೇ ಪುರಸಭೆಯ ಇಂಜಿನಿಯರರ ಕಡೆಯಿಂದ ಪತ್ರವು ಹೋಗಿತ್ತು. ಸುರಿಯುವುದು ನಿಲ್ಲಲಿಲ್ಲ. 1966ನೆಯ ಇಸವಿ ಅಕ್ಟೋಬರ್ 21, ಶುಕ್ರವಾರ, ಬೆಳಗ್ಗೆ ಒಂಬತ್ತೂಕಾಲರ ಸುಮಾರಿಗೆ, ಮಕ್ಕಳು ಆಗತಾನೇ ತರಗತಿಗಳಲ್ಲಿ ಕುಳಿತಿದ್ದ ಸಮಯದಲ್ಲಿ, ನೀರು ಕುಡಿದ ಆ ದಿಬ್ಬವು ಕುಸಿದು ಹರಿದು ಬಂದು ಪ್ಯಾಂಟ್‌ಗ್ಲಾಸ್ ಶಾಲೆಯನ್ನೂ ಪಕ್ಕದ ಮನೆಗಳನ್ನೂ ಮುಚ್ಚಿತು. ಸತ್ತವರು 144 ಮಂದಿ. ಅವರಲ್ಲಿ 116 ಮಕ್ಕಳು. ಶಾಲೆಯ ಐವರು ಉಪಾಧ್ಯಾಯರೂ ಮಕ್ಕಳೊಡನೆಯೇ ಹೋದರು. ಮರುದಿನದಿಂದ ಅರ್ಧಾವಧಿಯ ರಜೆಯು ಆರಂಭವಾಗಬೇಕಾಗಿತ್ತು. ಹಾಜರಿ ಪುಸ್ತಕವನ್ನು ಹಿಡಿದು ಮಕ್ಕಳ ಹೆಸರು ಕೂಗಿದ ಅಭ್ಯಾಸವಿರುವವನಿಗೆ 116 ಎಂಬುದು ಬರಿಯ ಅಂಕಿಯಾಗಿ ಉಳಿಯಲಾರದು.

ಇದಕ್ಕಿಂತಲೂ ಮನಸ್ಸನ್ನು ಕುಟುಕುವ ಸಂಗತಿಯು ಮುಂದಿದೆ. ವಿಚಾರಣಾ ಮಂಡಳಿಯು 1967ರಲ್ಲಿ ತನ್ನ ವರದಿಯಲ್ಲಿ ಸರ್ಕಾರಿ ಕಲ್ಲಿದ್ದಲ ಮಂಡಳಿಯನ್ನು ಹೊಣೆಮಾಡಿತು. ಬೆಟ್ಟದ ಮೇಲೆ ಉಳಿದ ದಿಬ್ಬಗಳು ಇನ್ನೂ ಇದ್ದುವು. ಅವನ್ನು ತೆಗೆಯಬೇಕೆಂದು ತಾಯಿತಂದೆಗಳು ಬೇಡಿದರು. ತೆಗೆಯುವುದೆಂದು ಕೊನೆಗೆ ತೀರ್ಮಾನವಾಯಿತು. ಆದರೆ ಖರ್ಚಿಗಾಗಿ, ಮಕ್ಕಳನ್ನು ಕಳೆದುಕೊಂಡವರಿಗೆಂದು ಲೋಕದ ಜನರು ಕಳುಹಿಸಿದ್ದ ಧರ್ಮನಿಧಿಯಿಂದಲೇ 1968ರಲ್ಲಿ 150,000 ಪೌಂಡುಗಳನ್ನು ತೆಗೆದುಕೊಂಡರು. ಉಂಡವನ ಎಲೆಯನ್ನು ಎತ್ತುವುದಕ್ಕೆ, ಅದೇ ಎಲೆಯಿಂದ ಮನೆ ಹಾಳಾದವನ ಕೈಯಿಂದ ಕೂಲಿ ಕಿತ್ತಂತಾಯಿತು! 1997ರಲ್ಲಿ ಆ ಹಣವನ್ನು ಬಡ್ಡಿಯಿಲ್ಲದೆ ಹಿಂದಿರುಗಿಸಿದರು. 2007ರಲ್ಲಿ ವೇಲ್ಸಿನ ಸರ್ಕಾರವು ಮತ್ತೆ 20 ಲಕ್ಷ ಪೌಂಡುಗಳನ್ನು ಕೊಟ್ಟು ಸ್ವಲ್ಪಮಟ್ಟಿಗೆ ಸರಿಪಡಿಸಿತು. ತಪ್ಪನ್ನು ಅರಿತು ತಿದ್ದಿಕೊಳ್ಳುವುದಕ್ಕೆ ಒಂದು ತಲೆಮಾರಿಗೂ ಹೆಚ್ಚು ಕಾಲ ಹಿಡಿಯಿತು. ಪ್ರತಿಪತ್ತಿಯನ್ನು ಕರ್ಮದ ಅಂಗವೆಂದು ಮೊದಲೇ ಎಣಿಸದಿದ್ದರೆ, ಕೊನೆಗೆ ಅದರ ಭಾರವು ಯಾರು ಎಲ್ಲರಿಗಿಂತ ದುರ್ಬಲರೋ ಅವರ ಮೇಲೆ ಇಳಿಯುತ್ತದೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಡ.

ಎರಡನೆಯ ಪೂರ್ವಪಕ್ಷ: "ತೋಡಿದವರು ಹೋದರು, ಕಂಪೆನಿಗಳು ಹೋದುವು, ಕೈಗಳು ಬದಲಾದುವು. ಈಗ ಯಾರನ್ನು ಹಿಡಿದು ಕೇಳುವುದು?" ಹೊಸದಾಗಿ ಅಗೆಯುವವರ ಮಟ್ಟಿಗೆ ಉತ್ತರವು ಸುಲಭ. ನಮ್ಮ ದೇಶದಲ್ಲಿ 2003ರಿಂದೀಚೆಗೆ, ಗಣಿಯನ್ನು ಹೇಗೆ ಮುಚ್ಚುವೆನೆಂಬ ಯೋಜನೆಯನ್ನೂ ಅದಕ್ಕೆ ಹಣದ ಭದ್ರತೆಯನ್ನೂ ಮೊದಲೇ ಒಪ್ಪಿಸಬೇಕೆಂಬ ನಿಯಮವಿದೆ. ಬಳ್ಳಾರಿಯ ಕಬ್ಬಿಣದ ಗಣಿಗಳನ್ನು 2011ರಲ್ಲಿ ನಿಲ್ಲಿಸಿದ ಸುಪ್ರೀಂ ಕೋರ್ಟು, ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಯನ್ನು ಕೈಗೊಂಡ ಮೇಲೆಯೇ ಮತ್ತೆ ಅಗೆಯಬಹುದೆಂದು ಕಟ್ಟುಮಾಡಿತು. ಇವೆರಡೂ ಪ್ರತಿಪತ್ತಿಯು ಕರ್ಮದ ಅಂಗವೆಂಬ ತತ್ತ್ವದ ಬೇರೆ ಬೇರೆ ವೇಷಗಳೇ. ಆದರೆ ನಮ್ಮ ಕೋಲಾರದ ಗಣಿಯು ಮುಚ್ಚಿದ್ದು 2001ರಲ್ಲಿ. ಆ ನಿಯಮವು ಹುಟ್ಟಿದ್ದು ಅನಂತರ. ಈ ಹಳೆಯ ಎಲೆಯ ಗತಿಯೇನು?

ಇಲ್ಲಿ ನಾವು ಬೇರೊಬ್ಬರ ಕಡೆಗೆ ಬೆರಳು ತೋರಿಸುವ ಮೊದಲು ಬೆರಳಿನ ಉಂಗುರವನ್ನು ನೋಡಿಕೊಳ್ಳುವುದು ಒಳ್ಳೆಯದು. ಒಂದು ಟನ್ನು ಕಲ್ಲಿಗೆ 5 ಗ್ರಾಂ ಚಿನ್ನ ಕೊಡುವ ಅದಿರನ್ನು ತೆಗೆದುಕೊಂಡರೆ, 10 ಗ್ರಾಂ ತೂಕದ ಒಂದು ಒಡವೆಗೆ 2 ಟನ್ನು ಹಿಟ್ಟುಮಣ್ಣು ಎಲ್ಲಿಯೋ ಒಂದು ಕಡೆ ರಾಶಿ ಬಿದ್ದಿರಲೇಬೇಕು. ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಈ ಚಿನ್ನದಿಂದ ರಾಜಧನವು ಬರುತ್ತಿತ್ತು. ಆ ಬೊಕ್ಕಸದಿಂದಲೇ ಊರೂರ ಶಾಲೆಗಳು ನಡೆದುವು. ಅಂಥ ಶಾಲೆಯಲ್ಲಿ ಓದಿದವರ ಮಕ್ಕಳು ನಾವು. ಹಾಗಾದರೆ ಆ ಪಂಕ್ತಿಯಲ್ಲಿ ನಾವೂ ಉಂಡವರಲ್ಲವೆ? ಬಡಿಸಿದವರು ಹೋದರೂ ಪಂಕ್ತಿಯು ಪೂರ್ತಿ ಎದ್ದುಹೋಗಿಲ್ಲ. ಆದುದರಿಂದ ಹಳೆಯ ದಿಬ್ಬದ ಭಾರವು ಸರ್ಕಾರದ ಮೂಲಕ ಸಮಸ್ತ ಪ್ರಜೆಗಳ ಮೇಲೆ ಬೀಳುವುದು ನ್ಯಾಯವೇ ಸರಿ. ಕೂಡದಿರುವುದು ಒಂದೇ: ದಿಬ್ಬದ ಬುಡದಲ್ಲಿ ಬಾಳುವವರೊಬ್ಬರೇ ಅದನ್ನು ಹೊರುವುದು. ಭೂಮಿಯ ಆಳಕ್ಕಿಳಿದು ದುಡಿದವರ ಮಕ್ಕಳು ಮೊಮ್ಮಕ್ಕಳು ಅವರು. ಅವರ ಪಾಲಿಗೆ ಬಂದದ್ದು ಊಟಕ್ಕಿಂತ ಹೊಗೆಯೇ ಹೆಚ್ಚು.

ಈ ದಿಬ್ಬಗಳಲ್ಲಿ ಉಳಿದಿರುವ ಅಲ್ಪಸ್ವಲ್ಪ ಚಿನ್ನವನ್ನು ಮತ್ತೆ ತೆಗೆಯಬೇಕೆಂಬ ಕೇಂದ್ರದ ಪ್ರಸ್ತಾಪಕ್ಕೆ 2024ರಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಸಮ್ಮತಿಯನ್ನು ಕೊಟ್ಟಿತು. ಅದರಿಂದ ಕೆಲವರಿಗೆ ಕೆಲಸ ದೊರೆತರೆ ಸಂತೋಷವೇ. ಆದರೆ ಒಂದು ಮಾತನ್ನು ನೆನಪಿನಲ್ಲಿಡಬೇಕು. ಚಿನ್ನವನ್ನೆಲ್ಲ ತೆಗೆದರೂ ಮಣ್ಣಿನ ತೂಕವು ಕಡಮೆಯಾಗುವುದಿಲ್ಲ. ಎಂಜಲೆಲೆಯಲ್ಲಿ ಎರಡನೆಯ ಸಲ ಉಣ್ಣುವವನಿಗೆ ಎಲೆ ಎತ್ತುವ ಕೆಲಸವು ಒಂದಕ್ಕೆ ಎರಡಾಗುತ್ತದೆಯೇ ಹೊರತು ತಪ್ಪುವುದಿಲ್ಲ. ಮೆಟ್ಟಿಲು ಕಡಿಯುವುದೂ, ಕಾಲುವೆ ತೋಡುವುದೂ, ಹುಲ್ಲು ನಾಟಿ ಕಾಯುವುದೂ ಕೆಲಸವೇ. ಗಣಿಯನ್ನು ನಂಬಿದ್ದ ಊರಿಗೆ ಆ ಕೂಲಿಯೂ ಅನ್ನವೇ.

ನಾನು ಶಿಷ್ಯನ ಮನೆಯಿಂದ ಹೊರಟ ಸಂಜೆ ಅವನ ಮೊಮ್ಮಗಳು ಬೀದಿಯ ಕೊನೆಯವರೆಗೆ ನನ್ನನ್ನು ಕಳುಹಿಸಲು ಬಂದಳು. ದಿಬ್ಬದ ಕಡೆ ಕೈತೋರಿಸಿ, "ತಾತ, ಆ ಬೆಟ್ಟದ ಹೆಸರೇನು?" ಎಂದು ಕೇಳಿದಳು. ಬೆಟ್ಟಕ್ಕೆ ಹೆಸರಿರುತ್ತದೆ, ದೇವರಿರುತ್ತದೆ, ಕಥೆಯಿರುತ್ತದೆ ಎಂದು ಆ ಮಗು ನಂಬಿತ್ತು. ಅದು ಬೆಟ್ಟವಲ್ಲಮ್ಮ, ನಾವು ದೊಡ್ಡವರು ಎತ್ತದೆ ಬಿಟ್ಟ ಎಲೆ ಎಂದು ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅಂದು ಗುರುಗಳ ಮುಂದೆ ತಲೆತಗ್ಗಿಸಿ ನಿಂತಂತೆಯೇ ಆ ಮಗುವಿನ ಮುಂದೆಯೂ ನಿಂತೆನು. ಅಂದಾದರೋ ಹಿಂದಿರುಗಿ ಹೋಗಿ ಎಲೆಯನ್ನು ಎತ್ತಿದ್ದೆನು. ಈಗಲೂ ಹಿಂದಿರುಗುವುದಕ್ಕೆ ಹೊತ್ತು ಮೀರಿಲ್ಲವೆಂದು ಈ ನಾಲ್ಕು ಮಾತುಗಳನ್ನು ಸಹೃದಯರಿಗೆ ಒಪ್ಪಿಸಿರುತ್ತೇನೆ. ಅಲಮತಿವಿಸ್ತರೇಣ.